ಬಿಜಲಿಗೆ ಬರೆದ ಬೋರ್ಡು

ಫೆಬ್ರವರಿ ಹನ್ನೊಂದು, ಬುಧವಾರ. ಬೆಳಗಿನ ಚಳಿ ಒಂಬತ್ತು ಗಂಟೆಗೇ ಇಳಿದಿತ್ತು. ಬಿಸಿಲು ಚುರುಕಾಗಿತ್ತು, ಗಾಳಿ ಇರಲಿಲ್ಲ. ಆ ದಿನ ಕುಷ್ಟಗಿಯ ಟೇಲರ್ ವಿಠೋಬಾ ಪಿಸೆಯವರ ನಾಯಿ ಮೂರನೆಯ ಸಲ ವಾಪಸು ಬಂತು.

ನಾಯಿಯ ಹೆಸರು ಬಿಜಲಿ. ಜಾತಿ ಮುಧೋಳದ್ದು, ವಯಸ್ಸು ನಾಲ್ಕು. ಅದು ಮರಿಯಾಗಿದ್ದಾಗ ವಿಠೋಬಾ ಮೋಹದಿಂದ ತಂದಿದ್ದರು. ಉದ್ದ ಕಾಲು, ಇಳಿದ ಎದೆ, ಹಿಡಿಯಷ್ಟು ಸೊಂಟ ನೋಡಿ, "ದೇವರು ಎಂಥಾ ಕಟಿಂಗ್ ಮಾಡ್ಯಾನ ನೋಡು" ಎಂದು ಹೆಂಡತಿಗೆ ತೋರಿಸಿದ್ದರು. ಆ ಕಾಲು ಓಡುವುದಕ್ಕೆ ಇದೆ ಎಂಬುದನ್ನು ಯೋಚಿಸಲಿಲ್ಲ. ಮುಂದೆ ಅಂಗಡಿ, ಹಿಂದೆ ಎರಡು ಕೋಣೆ, ನಡುವೆ ಒಂದು ಸಣ್ಣ ಅಂಗಳ. ಅಷ್ಟರಲ್ಲಿ ಬಿಜಲಿ ಬೆಳೆಯಿತು. ಬೆಳೆದ ಮೇಲೆ ಗಿರಾಕಿಗಳ ಬಟ್ಟೆ ಹರಿಯಿತು, ಬಾಗಿಲು ಕೆರೆಯಿತು, ಗೋಡೆ ಹಾರಿತು.

ಮನೆಯ ಮಾಲೀಕ ಬಂದು ನಿಂತು ಹೇಳಿದ್ದ: "ಈ ತಿಂಗಳ ಕಡೀತನಕ ನೋಡ್ತೀನಿ ಮಾಸ್ತರ. ಆಮ್ಯಾಲೆ ನನ್ನ ಲಾರಿ ಕಲ್ಲು ಕ್ವಾರಿಗೆ ಹೋಗತೈತಿ. ಅದರಾಗ ಹಾಕಿ ಬಿಟ್ಟು ಬರ್ತಾರ."

ಕ್ವಾರಿಯಲ್ಲಿ ಬಿಟ್ಟ ನಾಯಿಗಳು ಏನಾಗುತ್ತವೆ ಎಂದು ಊರಿಗೆಲ್ಲ ಗೊತ್ತಿತ್ತು.

ವಿಠೋಬಾ ಅಂಗಡಿಯ ಮುಂದೆ ಬೋರ್ಡು ಬರೆದು ನಿಲ್ಲಿಸಿದರು. 'ಮುಧೋಳ ನಾಯಿ ಕೊಡುವುದಿದೆ. ಬಹಳ ಸಾಧು.' ಮೊದಲು ಒಬ್ಬ ಕಾಂಟ್ರಾಕ್ಟರು ಒಯ್ದು ಗೇಟಿಗೆ ಕಟ್ಟಿದ; ನಾಲ್ಕನೇ ದಿನ ಹರಿದ ಸರಪಳಿಯ ಜೊತೆ ತಂದುಬಿಟ್ಟ. ಆಮೇಲೆ ನಿವೃತ್ತ ಮೇಷ್ಟ್ರೊಬ್ಬರು, ಪೇಪರ್ ಓದುವಾಗ ಕಾಲಬಳಿ ಮಲಗುವ ನಾಯಿ ಬೇಕೆಂದು ಒಯ್ದರು; ಮೊಣಕೈಗೆ ಪಟ್ಟಿ ಕಟ್ಟಿಕೊಂಡು ಬಂದು ಒಪ್ಪಿಸಿದರು. ಮೂರನೆಯದಾಗಿ ಒಯ್ದು ಆ ಬುಧವಾರ ವಾಪಸು ತಂದವಳು ಖಾನಾವಳಿಯ ಗೌರವ್ವ. ಬೆಕ್ಕಿನ ಬೆನ್ನು ಹತ್ತಿದ ಬಿಜಲಿ ಅವಳ ನೂರಿಪ್ಪತ್ತು ರೊಟ್ಟಿಗಳ ಮೇಲೆ ಹಾದುಹೋಗಿತ್ತು.

"ಸಾಧು ಅಂತ ಬರದೀರಲ್ರೀ ಮಾಸ್ತರ," ಎಂದಳು. "ಯಾ ಮಠದ ಸಾಧು ಇದು?"

ವಿಠೋಬಾ ಹಗ್ಗ ಇಸಿದುಕೊಂಡರು.

ಅದೇ ಮಧ್ಯಾಹ್ನ ಒಬ್ಬ ಮದುಮಗ ಸೂಟು ಹೊಲಿಸಲು ಬಂದ. ಸೊಂಟದ ಅಳತೆ ತೆಗೆಯುವಾಗ ಉಸಿರು ಒಳಗೆ ಎಳೆದುಕೊಂಡ.

"ಎರಡಿಂಚು ಕಡಿಮಿ ಬರಕೊಳ್ರಿ. ಮದುವಿ ಅನ್ನೋದ್ರಾಗ ಇಳೀತೀನಿ."

"ಉಸಿರು ಬಿಡಪಾ," ಎಂದರು ವಿಠೋಬಾ. "ಇದ್ದದ್ದ ಬರಿಯಾಂವ ನಾನು. ಇಲ್ಲದ ಅಳತಿಗೆ ಹೊಲಿದರ ಅಕ್ಕಿಕಾಳು ಬೀಳೋ ಹೊತ್ತಿಗೆ ಹರೀತೈತಿ. ಆಗ ಎಲ್ಲಾರೂ ಬಯ್ಯೋದು ಪ್ಯಾಂಟಿಗೆ. ಪ್ಯಾಂಟಿಂದೇನು ತಪ್ಪು?"

ಗಿರಾಕಿ ಹೋದ. ಮೂಲೆಯಲ್ಲಿ ಗುಂಡಿ ಹಚ್ಚುತ್ತಿದ್ದ ಹೆಂಡತಿ ಸೋನಾಬಾಯಿ ತಲೆ ಎತ್ತದೆ ಕೇಳಿದರು: "ಮತ್ತ ನಾಯಿ ಅಳತಿ ಯಾಕ್ರೀ ಸುಳ್ಳು ಬರದ್ರಿ?"

ವಿಠೋಬಾ ಕತ್ತರಿ ಕೆಳಗಿಟ್ಟರು. ಎದ್ದು ಹೋಗಿ ಬೋರ್ಡು ಒರೆಸಿ ಹೊಸದಾಗಿ ಬರೆದರು:

'ಮುಧೋಳ ನಾಯಿ ಕೊಡುವುದಿದೆ. ಒಂದು ಕಡೆ ಕೂರುವುದಿಲ್ಲ. ಆರು ಅಡಿ ಗೋಡೆ ಹಾರುತ್ತದೆ. ಕಟ್ಟಿದರೆ ಸರಪಳಿ ಹರಿಯುತ್ತದೆ. ದಿನಾ ಓಡಿಸದಿದ್ದರೆ ಮನೆಯಲ್ಲಿ ಏನಿದೆಯೋ ಅದನ್ನು ಹರಿಯುತ್ತದೆ. ರಾತ್ರಿ ಮಲಗುವುದಿಲ್ಲ, ಸುತ್ತುತ್ತದೆ.'

ಊರು ನಕ್ಕಿತು. ಎದುರಿನ ಚಹಾದಂಗಡಿಯವನು ಕೂಗಿ ಕೇಳಿದ: "ಮಾಸ್ತರ, ಇದು ನಾಯಿ ಕೊಡೋ ಬೋರ್ಡೋ, ಪೊಲೀಸರಿಗೆ ಬರದ ಕಂಪ್ಲೇಂಟೋ?" ಯಾರೋ ಅದರ ಫೋಟೋ ತೆಗೆದು ವಾಟ್ಸಾಪಿನಲ್ಲಿ ಹಾಕಿದರು. ಅದು ಕೈಯಿಂದ ಕೈಗೆ ಹೋಯಿತು. ನೋಡುವುದಕ್ಕೆ ಬಹಳ ಜನ ಬಂದರು. ಒಯ್ಯುವುದಕ್ಕೆ ಯಾರೂ ಬರಲಿಲ್ಲ. ತಿಂಗಳು ಮುಗಿಯಲು ಎರಡು ದಿನ ಉಳಿಯಿತು.

ಇಪ್ಪತ್ತಾರರಂದು, ಗುರುವಾರ, ಹೆಗಲ ಮೇಲೆ ಕಂಬಳಿ ಹಾಕಿಕೊಂಡ ಒಬ್ಬ ಕುರಿಗಾರ ಬಂದ. ಹೆಸರು ಮಾಳಿಂಗಪ್ಪ. ಅವನ ಕುರಿಹಿಂಡು ಊರಾಚೆ, ಕಡಲೆ ಕಿತ್ತ ಹೊಲಗಳಲ್ಲಿ ಇಳಿದಿತ್ತು. ಅವನಿಗೆ ಓದು ಬರುತ್ತಿರಲಿಲ್ಲ. ಹೊಲದ ಒಡೆಯ ಮೊಬೈಲಿನಲ್ಲಿ ಓದಿ ಹೇಳಿದ್ದನಂತೆ.

"ಫೋನಿನಾಗ ಬಂದದ್ದು ಖರೇ ಏನ್ರಿ? ಗ್ವಾಡಿ ಹಾರತೈತಿ?"

"ಹಾರತೈತಿ."

"ರಾತ್ರಿ ಸುತ್ತತೈತಿ?"

"ನಾವು ಸರಿಯಾಗಿ ನಿದ್ದಿ ಮಾಡಿ ಎರಡು ವರ್ಷ ಆತು ಯಜಮಾನ್ರ."

ಮಾಳಿಂಗಪ್ಪ ಗಡ್ಡ ಕೆರೆದುಕೊಂಡು ನಕ್ಕ. "ನೀವು ನಾಯಿಗೆ ಬಂದ ಬ್ಯಾನಿ ಹೇಳಾಕತ್ತೀರಿ ಅಂತ ಮಂದಿ ನಗತಾರ. ನನಗ ಅದು ಕೆಲಸದ ಪಟ್ಟಿ ಕಂಡಂಗ ಕಾಣತೈತಿ. ನನ್ನ ನಾಯಿ ಮಳಿಗಾಲದಾಗ ತೀರಿಹೋತು. ಅವತ್ತಿಂದ ತ್ವಾಳ ಒಂಬತ್ತು ಮರಿ ಒಯ್ದಾವು."

ಬಿಜಲಿ ಅವನ ಕಂಬಳಿಯನ್ನು ಮೂಸಿತು. ಸೋನಾಬಾಯಿ ಒಳಗಿನಿಂದ ಚಹಾ ತಂದರು. ಎಲ್ಲ ಮುಗಿದಂತೆಯೇ ಇತ್ತು. ಮಾಳಿಂಗಪ್ಪ ಹಗ್ಗಕ್ಕೆ ಕೈ ಹಾಕಿದ.

"ಇನ್ನೊಂದೈತಿ," ಎಂದರು ವಿಠೋಬಾ. "ಬೋರ್ಡಿನಾಗ ಬರದಿಲ್ಲ."

ಸೋನಾಬಾಯಿ ಗಂಡನ ಮುಖ ನೋಡಿದರು. ಅದು ಏನೆಂದು ಅವರಿಗೂ ಗೊತ್ತಿತ್ತು. ಈ ಒಬ್ಬ ಹೋದರೆ ಉಳಿದದ್ದು ಲಾರಿ ಎಂಬುದೂ ಗೊತ್ತಿತ್ತು.

"ಹೋದ ವರ್ಷ ಓಣ್ಯಾಗ ಒಂದು ಆಡಿನ ಮರಿ ಬೆನ್ನು ಹತ್ತಿತ್ತು. ಕಚ್ಚಲಿಲ್ಲ, ನಾವು ಹಿಡದ್ವಿ. ಆದ್ರ ಬೆನ್ನು ಹತ್ತಿದ್ದು ಖರೇ."

ಮಾಳಿಂಗಪ್ಪನ ನಗು ನಿಂತಿತು. ಹಗ್ಗ ಬಿಟ್ಟ. ಚಹಾ ಪೂರ್ತಿ ಕುಡಿದು ಕಪ್ಪು ಕೆಳಗಿಟ್ಟ.

"ಇದನ್ನ ನೀವು ಹೇಳದಿದ್ರ," ಎಂದ ಕೊನೆಗೆ, "ನಾನು ಇವತ್ತ ಹಿಂಡಿನಾಗ ಬಿಚ್ಚಿ ಬಿಡ್ತಿದ್ದೆ. ನಾಳಿ ಒಂದು ಮರಿ ಹೋಗ್ತಿತ್ತು. ನಾಡದ ನಾಯಿ ಹೋಗ್ತಿತ್ತು. ನನ್ನ ಕೈಯಿಂದನ ಹೋಗ್ತಿತ್ತು."

"ಹಂಗಾದ್ರ ಬ್ಯಾಡೇನು?"

"ಬ್ಯಾಡ ಅನ್ನಲಿಲ್ಲ. ಕಲಿಸಿದ್ರ ಕಲೀತೈತಿ. ಹಗ್ಗ ಹಾಕ್ಕೊಂಡು ಹಿಂಡಿನ ನಡುವ ನಡಸಬೇಕು, ಮುಂಜಾನಿಂದ ಸಂಜಿತನಕ. ಆದ್ರ ಹಗ್ಗ ನನ್ನ ಕೈಯಾಗ ಇದ್ರ ಅದು ಹಗ್ಗದ ಸಂಗಾಟ ಜಗಳಾಡತೈತಿ, ಕುರಿ ಕಡೆ ಲಕ್ಷ್ಯ ಇರಂಗಿಲ್ಲ. ಅದು ಕೇಳೋದು ನಿಮ್ಮ ಮಾತು. ನೀವ ಹಿಡೀಬೇಕು."

"ಎಷ್ಟು ದಿನ?"

"ಅದು ಕುರಿ ನೋಡೋದು ಬಿಟ್ಟು ಬಯಲು ನೋಡೋತನಕ. ದಿನ ನಾ ಹೆಂಗ ಹೇಳಲಿ?"

ಮದುವೆಯ ಕಾಲ ಅದು. ಗೂಟಕ್ಕೆ ತೂಗುಹಾಕಿದ ಎರಡು ಸೂಟು, ಹದಿನಾಲ್ಕು ಜಂಪರು. ವಿಠೋಬಾ ಮೂವತ್ತು ವರ್ಷದಿಂದ ಕೂತೇ ಕೆಲಸ ಮಾಡಿದವರು. ಬಸ್ ಸ್ಟ್ಯಾಂಡಿಗೂ ರಿಕ್ಷಾದಲ್ಲಿ ಹೋಗುವವರು. ಅವರು ಗೂಟದ ಕಡೆ ಒಮ್ಮೆ ನೋಡಿದರು, ನಾಯಿಯ ಕಡೆ ಒಮ್ಮೆ ನೋಡಿದರು. ಆಮೇಲೆ ಚಪ್ಪಲಿ ಹಾಕಿಕೊಂಡರು.

"ಸೋನಾ, ಅಂಗಡಿ ಬಾಗಲಾ ಹಾಕ್ಕೊ."

ಮೊದಲನೆಯ ದಿನ ಬಿಜಲಿ ಹಗ್ಗ ಎಳೆದು ಎಳೆದು ವಿಠೋಬಾರನ್ನು ಎರಡು ಸಲ ಬೀಳಿಸಿತು. ಕುರಿಗಳು ದೂರ ದೂರ ಸರಿದವು. ಕುರಿ ಕಾಯುವ ಹೆಂಗಸರು, "ನಾಯಿಗೆ ಕಲಸಾಕ ಬಂದಾರೋ, ನಾಯಿ ಇವರಿಗೆ ಕಲಸಾಕತ್ತೈತೋ" ಎಂದು ನಕ್ಕರು. ಎರಡನೆಯ ದಿನ ಚಪ್ಪಲಿ ಹರಿಯಿತು. ಮಾಳಿಂಗಪ್ಪ ತನ್ನ ಹಳೆಯ ಕೆರ ಕೊಟ್ಟ. ಮೂರನೆಯ ದಿನ ಒಂದು ಮರಿ ತಪ್ಪಿ ಹತ್ತಿರ ಬಂದಾಗ ಬಿಜಲಿ ಮೈ ಬಿಗಿ ಮಾಡಿತು. ವಿಠೋಬಾ "ಬಿಜಲೀ" ಎಂದು ಒಂದೇ ಸಲ ಗದರಿದರು. ಅದು ತಲೆ ತಿರುಗಿಸಿತು. ನಾಲ್ಕನೆಯ ದಿನ ಕುರಿಗಳು ಅದರ ಮೈಗೆ ಮೈ ತಾಗಿಸಿ ಹಾದುಹೋದವು. ಅದು ಸುಮ್ಮನೆ ನಡೆಯಿತು.

ಐದನೆಯ ದಿನ ಬೆಳಿಗ್ಗೆ ಹಿಂಡು ಒಂದು ಗುಡ್ಡದ ಕೆಳಗೆ ಮೇಯುತ್ತಿತ್ತು. ಬಿಜಲಿ ಕುರಿಗಳಿಗೆ ಬೆನ್ನು ಮಾಡಿ, ಗುಡ್ಡದ ಕಡೆ ಮುಖ ಮಾಡಿ, ಕಿವಿ ನಿಮಿರಿಸಿ ನಿಂತಿತು. ಮಾಳಿಂಗಪ್ಪ ಬಂದು ಹಗ್ಗ ಬಿಚ್ಚಿದ. ಅದು ಬಾಣದಂತೆ ಹೋಯಿತು. ಹಿಂಡಿನ ಸುತ್ತ ದೊಡ್ಡದೊಂದು ಸುತ್ತು ಓಡಿತು. ಮತ್ತೊಂದು ಸುತ್ತು ಓಡಿತು. ಒಂದು ಕುರಿಯನ್ನೂ ಮುಟ್ಟಲಿಲ್ಲ. ಅದರ ಪೂರ್ತಿ ಓಟವನ್ನು ವಿಠೋಬಾ ನೋಡಿದ್ದು ಅದೇ ಮೊದಲು. ಅವರು ಅದನ್ನು ಕರೆಯದೆ ಡಾಂಬರು ರಸ್ತೆಯ ಕಡೆ ನಡೆದರು.

ಮಧ್ಯಾಹ್ನ ಮನೆಗೆ ಬಂದು ಕಟ್ಟೆಯ ಮೇಲೆ ಕೂತರು. ಅಂಗಾಲಿನ ತುಂಬ ಬೊಬ್ಬೆ. ಸೋನಾಬಾಯಿ ಬಿಸಿನೀರು ತಂದಿಟ್ಟರು. ಸೂಟಿನವರು ಇಬ್ಬರೂ ಬಟ್ಟೆ ವಾಪಸು ಒಯ್ದ ಸುದ್ದಿ ಹೇಳಿದರು. ಆಮೇಲೆ ಕೇಳಿದರು:

"ಮಾಳಿಂಗಪ್ಪ ಏನ್ ಕೊಟ್ಟ?"

"ಆಂವ ಯಾಕ ಕೊಡ್ತಾನ? ಕೊಟ್ಟಾಂವ ನಾನು."

"ನೀವೇನ್ ಕೊಟ್ರಿ?"

"ಐದು ದಿನ ಅದರ ಸಂಗಾಟ ನಡದೆ," ಎಂದರು ವಿಠೋಬಾ, ಕಾಲನ್ನು ನೀರಿಗೆ ಇಳಿಸುತ್ತ. "ನಾಕು ವರ್ಷದಿಂದ ಅದು ಕೇಳತಿದ್ದದ್ದು ಇಷ್ಟ."

ನೀತಿ: ಒಂದು ಜೀವವನ್ನು ಇನ್ನೊಬ್ಬರ ಕೈಗೆ ಒಪ್ಪಿಸುವಾಗ ಮೊದಲು ಅದರ ತೊಂದರೆಗಳನ್ನು ಹೇಳಬೇಕು. ಕೇಳಿ ಎದ್ದುಹೋಗುವವರು ಹೋಗಲಿ. ಕೇಳಿದ ಮೇಲೂ ಬೇಕು ಎನ್ನುವವರ ಬಳಿಯೇ ಅದು ಬಾಳುತ್ತದೆ. ಅಲ್ಲಿಯವರೆಗೆ ಅದನ್ನು ತಲುಪಿಸುವ ಶ್ರಮ ಒಪ್ಪಿಸುವವನದು.