ಎರಡು ಅರ್ಧಗಳ ಕೇಡು

ಕಾರ ಹುಣ್ಣಿಮೆಗೆ ಕೆಲವೇ ದಿನ ಇರುವಾಗ ಹಾಲಗಡಿಯ ಸಂತೆಯಲ್ಲಿ ಡಂಗುರ ಬಿತ್ತು.

“ಕೇಳ್ರಪ್ಪೋ ಕೇಳ್ರಿ! ಯುವರಾಣಿ ಹೊನ್ನಲಾದೇವಿಯವರು ಮೂರು ಒಗಟು ಹಾಕುತ್ತಾರೆ. ಮೂರನ್ನೂ ಒಡೆದವನನ್ನು ಮದುವೆಯಾಗುತ್ತಾರೆ. ಒಂದು ತಪ್ಪಿದರೂ ಹುಣ್ಣಿಮೆಯ ದಿನ ತಲೆ ಹೋಗುತ್ತದೆ. ಯಾರೂ ಗೆಲ್ಲದಿದ್ದರೆ ಅದೇ ದಿನ ಸೋದರಮಾವ ಕೇತರಸರೊಂದಿಗೆ ಮದುವೆ!”

ಕಂಬಳಿ ಮಾರಲು ಬಂದಿದ್ದ ಕುರುಬರ ಮಾಳಿಂಗ ಪಕ್ಕದ ಎಲೆ ಮಾರುವವಳನ್ನು ಕೇಳಿದ: “ಏನವ್ವಾ ಇದು?”

“ಯುವರಾಣಿಯ ತಮ್ಮಂದಿರಿಬ್ಬರೂ ಎಳವೆಯಲ್ಲೇ ಹೋದರಲ್ಲಪ್ಪಾ, ಆಮೇಲಿಂದ ಆ ಹುಡುಗಿ ಹೀಗೆ. ಮಕ್ಕಳ ಕಣ್ಣು ನಗುತ್ತಿತ್ತಂತೆ, ಕಾಲು ಮಾತ್ರ ಒದ್ದೆ ಬಟ್ಟೆಯಂತೆ ಜೋತಿತ್ತಂತೆ. ಕೊನೆಗೆ ಉಸಿರೆಳೆಯುವ ಶಕ್ತಿಯೂ ಉಳಿಯಲಿಲ್ಲ.”

ಮಾಳಿಂಗನಿಗೆ ಕೂರಲಾಗಲಿಲ್ಲ. ಕಂಬಳಿ ಸುತ್ತಿದ, ಬಿಚ್ಚಿದ, ಮತ್ತೆ ಸುತ್ತಿದ. ಅಂಥ ಕಾಲುಗಳನ್ನು ಅವನು ನೋಡಿದ್ದ.

ಅರಮನೆಯ ಅಂಗಳ ತುಂಬಿತ್ತು. ದೊರೆ ಒಂದು ಕಟ್ಟು ಹಾಕಿದ್ದ: ಕಾರಣ ಕೊಡದೆ ಯುವರಾಣಿ ಯಾವ ಉತ್ತರವನ್ನೂ ತಳ್ಳುವಂತಿಲ್ಲ. ಮಾಳಿಂಗ ಕಂಬದ ಹಿಂದೆ ನಿಂತ.

ಮುಂದೆ ಬಂದವನು ಒಬ್ಬ ಸಾಮಂತನ ಮಗ. ಯುವರಾಣಿ ಕೇಳಿದಳು: “ಹೇಳಿಸಿಕೊಳ್ಳದೆ ದುಡಿಯುವ ಆಳು. ಯಜಮಾನ ಮಲಗಿದರೂ ಇವನು ಮಲಗುವುದಿಲ್ಲ. ಇವನು ಕೂತರೆ ಯಜಮಾನ ಮತ್ತೆ ಏಳುವುದಿಲ್ಲ. ಯಾರು?”

“ಉಸಿರು.”

“ಅರಸ ಚುರುಕು, ದಂಡು ದೊಡ್ಡದು. ಅರಸ ಅಪ್ಪಣೆ ಕೊಟ್ಟರೂ ದಂಡು ಕದಲದು, ದಿನೇದಿನೇ ಸೊರಗುತ್ತದೆ. ಕೆಟ್ಟದ್ದು ಯಾವುದು?”

“ದಂಡೇ ಹೇಡಿ!”

“ಹೇಡಿ ಓಡಿಹೋಗುತ್ತಾನೆ. ಇದಕ್ಕೆ ಓಡಲೂ ಆಗದು.”

ಕಾವಲಿನವರು ಅವನನ್ನು ಸೆರೆಮನೆಗೆ ಒಯ್ದರು. ಬಳಿಕ ಬಂದ ವೈದ್ಯನ ಮಗ ಎರಡನೆಯದನ್ನು ಒಡೆದ. “ಕೆಟ್ಟದ್ದು ದಾರಿ. ಅರಸ ಎಂದರೆ ಮಿದುಳು, ದಂಡು ಎಂದರೆ ಕೈಕಾಲು. ನಡುವಿನ ದಾರಿ ನರ.”

ಜನ ಭೇಷ್ ಎಂದರು. ಯುವರಾಣಿ ನಗಲಿಲ್ಲ. “ತಂದೆ ಗಟ್ಟಿ, ತಾಯಿಯೂ ಗಟ್ಟಿ. ಇಬ್ಬರಲ್ಲೂ ಕಾಣದ ಕೇಡು ಮಗುವಿನಲ್ಲಿ ಕಂಡಿತು. ಅಲ್ಲಿಯವರೆಗೆ ಎಲ್ಲಿತ್ತು?”

“ದಾದಿಯ ಹಾಲಿನಲ್ಲಿ.”

“ಅದೇ ಹಾಲು ನಾನೂ ಕುಡಿದೆ.”

“ಹಾಗಾದರೆ... ಶಾಪದಲ್ಲಿ!”

“ಮನೆತನಕ್ಕೆ ಶಾಪವಿದ್ದರೆ ನಾನು ಹೇಗೆ ಉಳಿದೆ?”

ಅವನನ್ನೂ ಒಯ್ದರು. ಕೇತರಸ ಮೀಸೆ ತಿರುವಿ, “ಸಾಕು, ಇನ್ನು ಚಪ್ಪರ ಹಾಕಿಸಿ” ಎಂದ.

ಮೊದಲೆರಡರ ಉತ್ತರ ಎಲ್ಲರಿಗೂ ಗೊತ್ತಾಗಿತ್ತು. ಮೂರನೆಯದು ಮಾಳಿಂಗನಿಗೆ ಹೊಳೆದಿತ್ತು. ತಪ್ಪಾದರೆ ಯುವರಾಣಿಯಿಂದ ತಲೆ ಹೋಗುತ್ತದೆ, ಸರಿಯಾದರೆ ದೊರೆಯಿಂದ. ಆದರೂ ಮುಂದೆ ಬಂದ.

“ಎಲೋ, ಕುರಿ ಇಲ್ಲಿ ಇಲ್ಲವೋ!” ಯಾರೋ ಕೂಗಿದರು. ಜನ ನಕ್ಕರು.

ಮಾಳಿಂಗ ಕೈಮುಗಿದ. “ಉಸಿರು. ನರ. ಮೂರನೆಯದು, ಅರ್ಧ ದೊರೆಗಳಲ್ಲಿತ್ತು, ಅರ್ಧ ರಾಣಿಯಮ್ಮನವರಲ್ಲಿತ್ತು.”

ನಗು ನಿಂತಿತು. ಕೇತರಸ ಕತ್ತಿ ಎಳೆದ. ಯುವರಾಣಿ ಕೈ ಅಡ್ಡ ಹಿಡಿದು, “ಬಿಡಿಸಿ ಹೇಳು” ಎಂದಳು.

“ನಾವು ಹಟ್ಟಿಯಲ್ಲಿ ಹುಟ್ಟಿದ ಟಗರನ್ನು ದೂರದ ಹಟ್ಟಿಗೆ ಕೊಟ್ಟು ಅಲ್ಲಿನದನ್ನು ತರುತ್ತೇವೆ ತಾಯಿ. ನಮ್ಮಪ್ಪನಿಗೆ ಒಂದು ಟಗರಿನ ಮೇಲೆ ಬಲು ಪ್ರೀತಿ. ಕೊಡಲಿಲ್ಲ. ಅದರ ಹೆಣ್ಣುಮರಿಗಳಿಗೂ ಅದೇ ಗಂಡಾಯಿತು. ಆಮೇಲೆ ಹುಟ್ಟಿದ ಮರಿಗಳಲ್ಲಿ ಕೆಲವು ಏಳಲಿಲ್ಲ. ಕಣ್ಣು ಚುರುಕು, ಕಾಲು ಸೋತಿತ್ತು, ಆಮೇಲೆ ಉಸಿರು. ಅರ್ಧ ಕೇಡು ಇದ್ದವರಿಗೆ ಏನೂ ಆಗುವುದಿಲ್ಲ. ಎರಡೂ ಅರ್ಧ ಒಂದೇ ಮರಿಗೆ ಬಿದ್ದರೆ ಹೋಗುತ್ತದೆ. ರಾಣಿಯಮ್ಮನವರು ದೊರೆಗಳ ಅಕ್ಕನ ಮಗಳು. ಇಬ್ಬರ ಅರ್ಧವೂ ಒಂದೇ ಮನೆಯದು.”

“ನಾನು ಹೇಗೆ ಉಳಿದೆ?”

“ನಿಮಗೆ ಎರಡು ಅರ್ಧವೂ ಒಟ್ಟಿಗೆ ಬೀಳಲಿಲ್ಲ. ಒಂದು ಬಿದ್ದಿದೆಯೋ ಇಲ್ಲವೋ ನನಗೆ ಗೊತ್ತಿಲ್ಲ. ಕೇತರಸರೂ ಅದೇ ಅಕ್ಕನ ಮಗ. ಅವರದೂ ಗೊತ್ತಿಲ್ಲ.”

ಯುವರಾಣಿ ತಳ್ಳಲು ಕಾರಣ ಹುಡುಕಿದಳು. ಸಿಗಲಿಲ್ಲ. ಎಲ್ಲರೂ ದೊರೆಯ ಮುಖ ನೋಡಿದರು.

“ನನಗೊಬ್ಬ ತಮ್ಮನಿದ್ದ,” ಎಂದ ದೊರೆ. “ಅವನೂ ನಡೆಯಲಿಲ್ಲ. ಅವನ ಹೆಸರೆತ್ತಬೇಡಿ ಎಂದು ಅವ್ವ ಆಣೆ ಹಾಕಿದ್ದಳು.”

ರಾಣಿ ಸೆರಗು ಬಾಯಿಗೆ ಒತ್ತಿಕೊಂಡಳು. “ಹಾಗಾದರೆ ಮಕ್ಕಳು ಹೋದದ್ದು ನನ್ನ ಪಾಪದಿಂದಲ್ಲ, ಅಲ್ಲವೇ?” ಎಂದು ಕೇಳಿದಳು.

“ಅಲ್ಲ,” ಎಂದ ದೊರೆ. “ಕೇತರಸಾ, ಕತ್ತಿ ಒಳಗಿಡು. ಹುಡುಗಾ, ಏನು ಬೇಕು ಕೇಳು.”

“ಸೆರೆಯಲ್ಲಿರುವವರನ್ನು ಬಿಡಿ ದೊರೆ. ಕಾಲಿದ್ದವರು ಮನೆಗೆ ನಡೆದು ಹೋಗಲಿ. ಮದುವೆ ಮಾತು ಯುವರಾಣಿಯವರಿಗೆ ಬಿಟ್ಟದ್ದು.”

ಹೊನ್ನಲಾದೇವಿ ಮೆಟ್ಟಿಲಿಳಿದು ಬಂದಳು. “ನಿಮ್ಮ ಹಟ್ಟಿಗೂ ನಮ್ಮ ಮನೆಗೂ ಹಿಂದೆ ಏನಾದರೂ ನಂಟು ಇತ್ತೇ?”

“ಎಲ್ಲಿಯ ನಂಟು ತಾಯಿ! ನಾವು ಕುರಿ ಕಾಯುವವರು.”

“ನಿನ್ನ ಅಜ್ಜ, ಮುತ್ತಜ್ಜ?”

“ಅವರೂ ಕುರಿಯೇ ಕಾದರು.”

“ಹಾಗಿದ್ದರೆ ಆಗಬಹುದು. ತಾಯಿ ಅನ್ನುವುದನ್ನು ಮಾತ್ರ ಬಿಡು,” ಎಂದಳು. ಆ ದಿನ ಮೊದಲ ಸಲ ನಕ್ಕಳು.

ಅವರಿಗೆ ಐದು ಮಕ್ಕಳಾದವು. ನಡೆದಾಡಿದವು ಐದು.