ಉಳ್ಳಾಗಡ್ಡಿಯ ಮುಂದೆ ಅಳದವರು

ನಾಲ್ಕು ಕೈಯವನು ಬಡಿದ ರೊಟ್ಟಿ ತಿಂದ ನಾಲಿಗೆ ಈ ಸೀಮೆಯಲ್ಲೇ ಈ ಅಜ್ಜನದೊಂದೇ. ಕೂತ ಕೂತಲ್ಲೇ ಎಷ್ಟು ತಿಂದಿತು ಅಂತ ಕೇಳಬೇಡಿ, ದೃಷ್ಟಿಯಾದೀತು. ಸುಳ್ಳು ಅನ್ನೋರು ಅನ್ನಲಿ. ಅವತ್ತು ಪಂಕ್ತಿಯಲ್ಲಿ ಮಗ್ಗುಲಿಗೆ ಕೂತವರೆಲ್ಲ ಸತ್ತು ಆಕಾಶದ ಚಿಕ್ಕೆಯಾಗಿದ್ದಾರೆ, ಹೋಗಿ ಕೇಳಿಕೊಂಡು ಬರಲಿ.

ಚಿಕ್ಕೆಗಳ ನಡುವೆ ತೇಲುವ ಒಂದು ಹಡಗು. ಹಡಗು ಅಂದರೆ ಬರೀ ಹಡಗಲ್ಲ, ಅದರ ಹೊಟ್ಟೆಯೊಳಗೆ ಒಂದು ರಾಜ್ಯವೇ ಇತ್ತು. ಓಣಿ ಇತ್ತು, ಬಾವಿ ಇತ್ತು, ಬಾವಿಕಟ್ಟೆಯ ಜಗಳವೂ ಇತ್ತು. ಮಲ್ಲರಸ ಅಂತ ರಾಜ. ಜನ ಮೂರು ಥರ. ನಮ್ಮಂಥ ಮನುಷ್ಯರು ಒಂದು. ಬೇರೆ ಚಿಕ್ಕೆಯಿಂದ ಬಂದ, ಮೂರು ಕಣ್ಣು ನಾಲ್ಕು ಕೈಯ ನೀಲಿ ಮೈಯವರು ಇನ್ನೊಂದು. ಎದುರಿನವರ ಮನಸ್ಸು ಓದುವವರು ಮತ್ತೊಂದು.

ರಾಜನ ಅಡಿಗೆಮನೆ ತಿಪ್ಪವ್ವನದು. ಮನುಷ್ಯರ ಪೈಕಿ ಹೆಂಗಸು, ಬಾಯಿ ಜೋರು. ಆಕೆಯ ಗಂಡ ಮುಲುಕ ನೀಲಿಯವ. ಎರಡು ಕೈಯಲ್ಲಿ ಹಿಟ್ಟು ನಾದುತ್ತ ಇನ್ನೆರಡು ಕೈಯಲ್ಲಿ ರೊಟ್ಟಿ ಬಡಿಯುತ್ತಿದ್ದ. ಪಕ್ಕದ ಮನೆಯ ಸೂರವ್ವ ಮನಸ್ಸು ಓದುವವಳು. ತಿಪ್ಪವ್ವ ಒಳಗೊಳಗೇ ಬೈದುಕೊಂಡರೆ ಗೋಡೆಯಾಚೆಯಿಂದ, "ಯಾಕ ತಂಗಿ, ಬಾಯಿ ಬಿಟ್ಟು ಬೈ" ಅನ್ನುತ್ತಿದ್ದಳು. ಇಬ್ಬರೂ ನಗುತ್ತಿದ್ದರು.

ಈ ನಗು ಮಂತ್ರಿ ಗೂಳಪ್ಪನ ಕಣ್ಣು ಚುಚ್ಚಿತು. ಹಡಗಿನ ದೊಡ್ಡ ಒಲೆಯ ಮಗ್ಗುಲಿಗೆ ಬೆಚ್ಚನೆಯ ಓಣಿ. ಅಲ್ಲಿ ನೀಲಿಯವರ, ಮನಸ್ಸು ಓದುವವರ ಮನೆಗಳು. ಅವು ತನ್ನ ಬೀಗರಿಗೆ ಸಿಗಬೇಕು ಅಂತ ಅವನ ಆಸೆ. ರಾಜನ ಕಿವಿಯಲ್ಲಿ ಊದಿದ.

"ಮಹಾಪ್ರಭು, ಕಣ್ಣೀರಿಲ್ಲದವಗ ಕರುಳಿಲ್ಲ. ಕರುಳಿಲ್ಲದವನ್ನ ನಂಬೂದು ಹೆಂಗ? ಎಲ್ಲಾರ ಕೈಲೆ ಉಳ್ಳಾಗಡ್ಡಿ ಹೆಚ್ಚಸ್ರಿ. ಅತ್ತಾಂವ ನಮ್ಮಾಂವ. ಅಳದವನ್ನ ಮುಂದ ಸಿಗೋ ಬೋಳು ಗ್ರಹದಾಗ ಇಳಿಸಿಬಿಡ್ರಿ."

ರಾಜನ ಕಿವಿ ದೊಡ್ಡದು, ತಲೆ ಸಣ್ಣದು. ಹೂಂ ಅಂದ.

ಸಭೆಯ ನಡುವೆ ಈಳಿಗೆ ಇಟ್ಟರು. ಮೊದಲು ಮುಲುಕ ಕೂತ. ಹೆಚ್ಚಿದ. ಮೂರು ಕಣ್ಣೂ ಒಣ ಒಣ. ಅವನ ಕುಲಕ್ಕೆ ಕಣ್ಣೀರೇ ಇಲ್ಲ. ದುಃಖವಾದರೆ ಕಿವಿ ಕೆಂಪಾಗುತ್ತವೆ. ಅವನ ಕಿವಿ ಕೆಂಡದ ಹಾಗೆ ಉರಿಯುತ್ತಿದ್ದವು. ತಿಪ್ಪವ್ವ ಒಬ್ಬಳೇ ನೋಡಿದಳು.

"ಕರುಳಿಲ್ಲ! ಹೊರಗ!" ಅಂದ ಗೂಳಪ್ಪ.

ಆಮೇಲೆ ಸೂರವ್ವ. ಈಳಿಗೆ ಮುಟ್ಟುವ ಮೊದಲೇ ಗಳಗಳ ಅತ್ತಳು. ತಿಪ್ಪವ್ವನ ಸಂಕಟ ಆಕೆಯ ಎದೆಗೆ ಹೊಕ್ಕಿತ್ತು.

"ಹೆಚ್ಚೂಕಿಂತ ಮೊದಲ ಅಳು! ಕಳ್ಳ ಕಣ್ಣೀರು! ಹೊರಗ!"

ಮೂರನೆಯವಳು ತಿಪ್ಪವ್ವ. ಬುದ್ಧಿ ಬಂದಾಗಿನಿಂದ ಉಳ್ಳಾಗಡ್ಡಿ ಹೆಚ್ಚಿದ ಕೈ. ಒಂದು ಹನಿ ಬರಲಿಲ್ಲ. ರಾಜ ಗಾಬರಿಯಾದ, ನಾಳೆ ಊಟಕ್ಕೇನು ಗತಿ?

ಗೂಳಪ್ಪ ತಟ್ಟನೆ, "ಅಕಿದು ಬ್ಯಾರೆ ಮಾತ್ರೀ. ರೂಢಿಬಿದ್ದ ಕಣ್ಣು. ಅಕಿ ನಮ್ಮಾಕಿನ" ಅಂದ.

"ನನ್ನ ಕಣ್ಣಿಗೆ ಕಾರಣ ಐತಿ, ನನ್ನ ಗಂಡನ ಕಣ್ಣಿಗೆ ಇಲ್ಲೇನ್ರೀ ಧಣ್ಯಾರ?"

"ಕಾಯ್ದೆ ಅಂದ್ರ ಕಾಯ್ದೆ. ಕಾರಣ ಕೇಳಂಗಿಲ್ಲ."

"ಹಂಗಾರ ಕಾಯ್ದೆ ಮಾಡಿದವ್ರೂ ಒಮ್ಮೆ ಹೆಚ್ಚಬೇಕಲ್ರೀ?"

"ಹೌದಲ್ಲೋ ಗೂಳಪ್ಪ!" ಅಂದ ರಾಜ.

"ತಾರಬೇ, ಎಷ್ಟರ ತಾ! ಉಳ್ಳಾಗಡ್ಡಿ ಹೆಸರು ಕೇಳಿದ್ರ ಅಳಾಂವ ನಾನು."

ತಿಪ್ಪವ್ವ ಅಡಿಗೆಮನೆಗೆ ಓಡಿದಳು. ಗಂಡ ಹೋದರೆ ತಾನು ಉಳಿದು ಯಾರಿಗೆ ಬಡಿಸುವುದು? ಕಿಟಕಿ ತೆಗೆದು ಉಳ್ಳಾಗಡ್ಡಿಯ ಬುಟ್ಟಿಯನ್ನು ಹಗ್ಗ ಕಟ್ಟಿ ಹೊರಗೆ ಇಳಿಬಿಟ್ಟಳು. ಹೊರಗೆ ಗಾಳಿಯಿಲ್ಲ, ಬಿಸಿಲಿಲ್ಲ. ಆಡಿದ ಮಾತೂ ಕಲ್ಲಾಗುವಂಥ ಚಳಿ. ತಣ್ಣಗಾದ ಉಳ್ಳಾಗಡ್ಡಿಯ ಘಾಟು ಸತ್ತುಹೋಗುತ್ತದೆ. ಗಡ್ಡೆ ಗಟ್ಟಿಯಾಗುವ ಮೊದಲೇ ಬುಟ್ಟಿ ಎಳೆದುಕೊಂಡು ಬಂದಳು. ಆಕೆಯ ಮನಸ್ಸು ಓದಿದ ಸೂರವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಗೂಳಪ್ಪ ಒಂದು ಹೆಚ್ಚಿದ. ಕಣ್ಣೀರಿಲ್ಲ. ಇನ್ನೊಂದು ಹೆಚ್ಚಿದ. ಇಲ್ಲ. ಮೂರನೆಯದನ್ನು ಕಣ್ಣಿಗೇ ತಿಕ್ಕಿಕೊಂಡ. ರೆಪ್ಪೆ ಮರಗಟ್ಟಿತೇ ಹೊರತು ಹನಿ ಉದುರಲಿಲ್ಲ.

"ತಣ್ಣಗ ಅದಾವ್ರೀ! ಏನೋ ಕಾರಣ ಐತ್ರೀ!"

"ಕಾರಣ ಕೇಳಂಗಿಲ್ಲ ಅಂದ್ರಲ್ರೀ ಧಣ್ಯಾರ" ಅಂದಳು ತಿಪ್ಪವ್ವ.

ಸಭೆ ಹೋ ಅಂತ ನಕ್ಕಿತು. "ಇವನ್ನೂ ಇಳಸ್ರಿ!" ಅಂದ ರಾಜ. ಆಗ ಸೂರವ್ವ ಮತ್ತೆ ಅಳತೊಡಗಿದಳು.

"ಈಗ್ಯಾಕ ಅಳ್ತಿಯಬೇ?" ಅಂತ ಕೇಳಿದ ರಾಜ.

"ಅಂವಾ ಹೆದರ್ಯಾನ್ರೀ. ಅವನ ಹೆದರಿಕಿ ನನ್ನ ಎದಿಯಾಗ ಬಡಕೊಳ್ಳಾಕತ್ತೈತಿ."

ಮುಲುಕನ ಕಿವಿಯೂ ಕೆಂಪಾಗಿದ್ದವು. ಈ ಸಲ ರಾಜನೂ ನೋಡಿದ. ನೋಡಿ ತಲೆ ತಗ್ಗಿಸಿದ. ಕಾಯ್ದೆ ರದ್ದಾಯಿತು. ಯಾರೂ ಇಳಿಯಲಿಲ್ಲ. ಗೂಳಪ್ಪನಿಗೆ ಮಂತ್ರಿಗಿರಿ ಹೋಗಿ ಉಳ್ಳಾಗಡ್ಡಿ ಸುಲಿಯುವ ಕೆಲಸ ಬಂತು, ಊಟ ನೀಲಿಯವರ ಪಂಕ್ತಿಯಲ್ಲಿ. ಮೊದಲ ದಿನ ಮುಖ ತಿರುಗಿಸಿ ಕೂತ. ಮರುದಿನ ಮೆಲ್ಲಗೆ ಒಂದು ರೊಟ್ಟಿ ಮುರಿದ. ಮೂರನೆಯ ದಿನ, "ಮುಲುಕಣ್ಣ, ಇನ್ನೊಂದ್ ಹಾಕೋ" ಅಂದ.

ಕೇಳಿ ಮಕ್ಕಳಾ, ನೀತಿ ಇಷ್ಟೇ. ಅಳುವ ರೀತಿ ಒಬ್ಬೊಬ್ಬರದು ಒಂದೊಂದು. ನಿನ್ನ ಹಾಗೆ ಅಳಲಿಲ್ಲ ಅಂತ ಯಾರಿಗೂ ಕರುಳಿಲ್ಲ ಅನ್ನಬೇಡ. ಮಂದಿಯನ್ನು ಅಳೆಯುವ ಸೇರಿನಲ್ಲಿ ಮೊದಲು ನಿನ್ನನ್ನು ಅಳೆದುಕೋ.

"ಅಜ್ಜಾ," ಅಂದಳು ಮುಂದೆ ಕೂತಿದ್ದ ನೀಲಗಂಗಾ, "ಹೊರಗ ಗಾಳಿ ಇಲ್ಲ ಅಂದಿ. ಕಿಟಕಿ ತಗದ್ರ ಒಳಗಿನ ಗಾಳಿ ಎಲ್ಲಾ ಹಾರಿಹೋಗಿ ಎಲ್ಲಾರೂ ಸಾಯಬೇಕಲ್ಲ?"

ಅಜ್ಜ ಹೆಗಲು ಹಾರಿಸಿದ.

"ಅದನ್ನ ಆ ಕಿಟಕಿ ಮಾಡಿದ ಬಡಿಗ್ಯಾನ್ನ ಕೇಳು."