ಪಿಜ್ಜಾ ಅಂಗಡಿಯವನ ಸಿಟ್ಟು

"ಗುರುಗಳೇ, ಸಿಟ್ಟು ಮಾಡಬಾರದು ಎನ್ನುತ್ತೀರಿ. ಬೆಳಿಗ್ಗೆ ನಾನು ಕೂಗಾಡಿದ್ದಕ್ಕೇ ಅಲ್ಲವೇ ಮಠಕ್ಕೆ ಬಂದ ತರಕಾರಿಯವನು ರೇಟು ಇಳಿಸಿದ್ದು? ಮೆತ್ತಗೆ ಮಾತಾಡಿದ್ದರೆ ತಲೆ ಬೋಳಿಸಿಬಿಡುತ್ತಿದ್ದ" ಎಂದು ಶಿಷ್ಯ ಕೇಳಿದ. ಅವನ ದನಿ ಇನ್ನೂ ಇಳಿದಿರಲಿಲ್ಲ.

ಗುರು ಹೇಳಿದ ಕತೆ ಇದು.

ಒಂದು ಊರಿನಲ್ಲಿ ಒಬ್ಬ ಪಿಜ್ಜಾ ಅಂಗಡಿ ಇಟ್ಟಿದ್ದ. ಎದುರುಗಡೆ ದೊಡ್ಡ ಕಂಪನಿಯ ಅಂಗಡಿ ಬಂದ ಮೇಲೆ ಅವನು ಪಿಜ್ಜಾದ ಬೆಲೆ ಏರಿಸುವಂತಿರಲಿಲ್ಲ. ಹಿಟ್ಟು, ಟೊಮೆಟೊ ಹೇಗೋ ನಡೆಯುತ್ತಿತ್ತು. ಸಗಟಿನಲ್ಲಿ ಚೀಸ್ ಅಗ್ಗವಾಗಿ ಸಿಗದಿದ್ದರೆ ಅಂಗಡಿಗೆ ಬೀಗವೇ ಗತಿ. ಹಾಗಾಗಿ ಪ್ರತಿ ತಿಂಗಳು ರೇಟು ಮಾತಾಡಲು ಅವನೇ ಹೋಗುತ್ತಿದ್ದ. ಈ ಕೆಲಸಕ್ಕೆ ಅವನು ನಂಬಿದ್ದು ತನ್ನ ಸಿಟ್ಟನ್ನು. ಸ್ಕೂಟರಿನ ಮೇಲೆ ಹೋಗುವಾಗಲೇ ಅದನ್ನು ಕಾಯಿಸಿಕೊಳ್ಳುತ್ತಿದ್ದ. ಅಡ್ಡ ಬಂದವರನ್ನೆಲ್ಲ ಬೈಯುತ್ತಿದ್ದ. ಚೀಸ್ ವ್ಯಾಪಾರಿಯ ಗೋಡೌನು ಮುಟ್ಟುವ ಹೊತ್ತಿಗೆ ಸಿಟ್ಟು ಹದಕ್ಕೆ ಬಂದಿರುತ್ತಿತ್ತು.

ವ್ಯಾಪಾರಿ ರೇಟು ಹೇಳುತ್ತಿದ್ದ. ಅಂಗಡಿಯವನು ಚೀಸಿನ ಗಟ್ಟಿಯನ್ನು ಮೇಜಿನ ಮೇಲೆ ಕುಕ್ಕುತ್ತಿದ್ದ, ಕಳ್ಳ ಎನ್ನುತ್ತಿದ್ದ, ಎದ್ದು ಹೋಗಿ ಸ್ಕೂಟರಿಗೆ ಕಿಕ್ ಹೊಡೆಯುತ್ತಿದ್ದ. ಆಗ ವ್ಯಾಪಾರಿ ಬಾಗಿಲಿಗೆ ಬಂದು ಕರೆಯುತ್ತಿದ್ದ, ಇಳಿಸುತ್ತಿದ್ದ. ಗೆದ್ದು ಬಂದವನ ಸಿಟ್ಟು ಅಷ್ಟು ಸುಲಭವಾಗಿ ಆರುತ್ತಿರಲಿಲ್ಲ. ಮಿಕ್ಕಿದ್ದು ಓವನ್ ನೋಡಿಕೊಳ್ಳುವವನಿಗೆ, ಗಿರಾಕಿಗಳಿಗೆ, ಹೆಂಡತಿಗೆ. ಓವನಿನವನು ಕೆಲಸ ಬಿಟ್ಟ. ಕೆಲವು ಗಿರಾಕಿಗಳು ರಸ್ತೆ ದಾಟಿದರು. ಹೋಗಲಿ, ಚೀಸ್ ಅಗ್ಗವಾಗಿ ಸಿಕ್ಕಿತಲ್ಲ ಎಂದುಕೊಂಡ.

ಒಂದು ತಿಂಗಳು ಅವನ ಗಂಟಲು ಕಟ್ಟಿತು. ಸ್ವರವೇ ಹೊರಡಲಿಲ್ಲ. ಕೂಗಲಾರದವನು ಹೋಗಿ ಏನು ಪ್ರಯೋಜನ ಎಂದು ಹೆಂಡತಿಯನ್ನು ಕಳಿಸಿದ. ಅವಳು ಚೌಕಾಸಿ ಕಂಡವಳಲ್ಲ. ಹೋದಳು, ರೇಟು ಕೇಳಿದಳು, ಆಗಲಿ ಎಂದಳು, ಬಂದಳು. ಇಷ್ಟು ವರ್ಷ ಅವನು ಇಳಿಸಿ ತಂದಿದ್ದ ಯಾವ ರೇಟಿಗಿಂತಲೂ ಅದು ಕಡಿಮೆಯಿತ್ತು.

ಸಂತೋಷಪಡಬೇಕಾಗಿತ್ತು. ಅವನಿಗೆ ಮೈಯೆಲ್ಲ ಉರಿಯಿತು. ಸ್ವರ ಬಂದ ದಿನವೇ ಗೋಡೌನಿಗೆ ನುಗ್ಗಿದ.

"ಇಷ್ಟು ವರ್ಷ ನನಗೇ ಟೋಪಿ ಹಾಕಿದೆಯಲ್ಲೋ!"

"ಟೋಪಿ ಎಲ್ಲಿಂದ ಬಂತು ಸಾರ್?" ಎಂದ ವ್ಯಾಪಾರಿ. "ಇಳಿಸದೆ ನೀವು ಬಿಡುತ್ತೀರಾ? ಅದಕ್ಕೇ ನಿಮ್ಮ ಸ್ಕೂಟರಿನ ಸದ್ದು ಕೇಳಿದ ಕೂಡಲೇ, ಇಳಿಸುವುದಕ್ಕೆ ಬೇಕಾದಷ್ಟು ಏರಿಸಿಟ್ಟುಕೊಳ್ಳುತ್ತೇನೆ. ಅಮ್ಮನವರು ಸುಮ್ಮನೆ ಕೇಳಿದರು, ಇದ್ದ ರೇಟು ಹೇಳಿದೆ. ಇನ್ನು ಮುಂದೆ ಅವರನ್ನೇ ಕಳಿಸಿ, ಅದೇ ರೇಟಿಗೆ ಕೊಡುತ್ತೇನೆ."

"ಹೆಂಡತಿಯನ್ನು ಮುಂದೆ ಬಿಟ್ಟು ವ್ಯಾಪಾರ ಮಾಡುವ ಗತಿ ನನಗಿನ್ನೂ ಬಂದಿಲ್ಲ!"

ಎದ್ದು ಹೋಗಿ ಸ್ಕೂಟರಿಗೆ ಕಿಕ್ ಹೊಡೆದ. ಈ ಸಲ ಬಾಗಿಲಿಗೆ ಯಾರೂ ಬರಲಿಲ್ಲ. ಇನ್ನೂ ಒಂದು ಸಲ ಹೊಡೆದ. ಆಮೇಲೆ ಬೇರೊಬ್ಬ ವ್ಯಾಪಾರಿಯ ಹತ್ತಿರ ಹೋದ. ಅಲ್ಲಿ ಗಂಟಲು ಹರಿಯುವಂತೆ ಕೂಗಿದ. ಆ ವ್ಯಾಪಾರಿಯೂ ಇಳಿಸಿದ. ಇಳಿಸಿದ ಮೇಲೂ ಅದು ಹೆಂಡತಿ ತಂದ ರೇಟಿಗಿಂತ ಹೆಚ್ಚೇ ಇತ್ತು. ಆದರೆ ಇಳಿದಿತ್ತು. ಅಂಗಡಿಯವನು ಎದೆ ಸೆಟೆಸಿಕೊಂಡು ಮನೆಗೆ ಬಂದ. ಏನು ರೇಟಾಯಿತು ಎಂದು ಹೆಂಡತಿ ಕೇಳಿದಳು. ಅವನು ಎಷ್ಟು ಇಳಿಸಿದೆ ಎಂಬುದನ್ನಷ್ಟೇ ಹೇಳಿದ.

ವರ್ಷ ತುಂಬುವುದರೊಳಗೆ ಅಂಗಡಿ ಮುಚ್ಚಿತು. ಅದರ ಬಾಗಿಲಿಗೆ ಬೀಗ ಕೊಳ್ಳುವಾಗಲೂ ಕೂಗಾಡಿ ರೇಟು ಇಳಿಸಿದನಂತೆ.

"ಎಂಥ ದಡ್ಡ!" ಎಂದು ಶಿಷ್ಯ ನಕ್ಕ.

ಗುರು ಕೇಳಿದ: "ತರಕಾರಿಯವನು ಬೆಳಿಗ್ಗೆ ರೇಟು ಹೇಳಿದ್ದು ನಿನ್ನ ಮುಖ ನೋಡುವ ಮೊದಲೋ, ನೋಡಿದ ಮೇಲೋ?"